ದ್ರಾಕ್ಷಿತೋಟದ ತಂದೆ

"ಗುರುಗಳೇ, ಕೊಲ್ಲಿರಿ ಎಂದವನೂ ಮರುಗಿದವನೂ ಒಬ್ಬನೇ ದೇವರೇ?" ಎಂದು ಶೆಮರ್ಯ ಕೇಳಿದ.

ಅವನು ಯೆಹೂದಿ ಧರ್ಮಗುರು ರಬ್ಬಿ ಯಾಕೀನರ ಬಳಿ ಹೀಬ್ರೂ ಶಾಸ್ತ್ರ ಓದುತ್ತಿದ್ದ ಶಿಷ್ಯ. ಶಾಸ್ತ್ರದ ಒಂದು ಸುರುಳಿಯಲ್ಲಿ ದೇವರು ಶತ್ರುಗಳನ್ನು ಹಸುಗೂಸುಗಳ ಸಮೇತ ನಾಶಮಾಡಲು ಅಪ್ಪಣೆ ಕೊಟ್ಟಿದ್ದನು. ಇನ್ನೊಂದರಲ್ಲಿ ಅದೇ ದೇವರು ಶತ್ರುಗಳ ಪಟ್ಟಣದ ಮಕ್ಕಳಿಗಾಗಿ, ದನಕರುಗಳಿಗಾಗಿ ಮರುಗಿ ಅದನ್ನು ಉಳಿಸಿದ್ದನು. ತಾನು ಓದಿದ್ದೇ ತಪ್ಪಿರಬೇಕೆಂದು ಶೆಮರ್ಯ ಮತ್ತೆ ಮತ್ತೆ ಓದಿದ. ಓದಿದಷ್ಟೂ ಗೊಂದಲ ಹೆಚ್ಚಿತು. ಈಚೆಗೆ ಪ್ರಾರ್ಥನೆಗೆ ನಿಂತರೂ ಯಾರ ಮುಂದೆ ನಿಂತಿದ್ದೇನೆಂದು ತಿಳಿಯದೆ ಅರ್ಧಕ್ಕೇ ಬಿಟ್ಟು ಮತ್ತೆ ಸುರುಳಿ ಬಿಚ್ಚುತ್ತಿದ್ದ.

ರಬ್ಬಿ ಒಂದು ಕತೆ ಹೇಳಿದರು.

ಒಬ್ಬ ರೈತನಿಗೆ ದ್ರಾಕ್ಷಿತೋಟವಿತ್ತು, ಇಬ್ಬರು ಗಂಡುಮಕ್ಕಳಿದ್ದರು. ಒಂದು ವರ್ಷ ಪರಸ್ಥಳದ ಕುರುಬನೊಬ್ಬನ ಕುರಿಗಳು ತೋಟಕ್ಕೆ ನುಗ್ಗಿದವು. ರೈತ ಕೋಲು ತೆಗೆದುಕೊಂಡು ಅವನನ್ನು ರಕ್ತ ಬರುವಂತೆ ಹೊಡೆದು ಓಡಿಸಿದ. ಮತ್ತೊಂದು ವರ್ಷ ಬೇರೊಬ್ಬ ಕುರುಬನ ಕುರಿಗಳು ನುಗ್ಗಿದವು. ಮಕ್ಕಳು ಕೋಲು ಹಿಡಿದು ಓಡಿದರೆ ತಂದೆ ಅವರನ್ನು ತಡೆದ. ಕುರುಬನಿಗೆ ರೊಟ್ಟಿ ಕೊಟ್ಟ, ಕುರಿಗಳಿಗೆ ತಾನೇ ಬಾವಿಯಿಂದ ನೀರು ಸೇದಿ ಹೊಯ್ದ. ಮಕ್ಕಳಿಗೆ ಏನೂ ಅರ್ಥವಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಆಮೇಲೊಮ್ಮೆ ತಂದೆ ದೂರದ ಊರಿಗೆ ಹೋದ. ಅವನಿಲ್ಲದಾಗ ಇನ್ನೊಬ್ಬ ಕುರುಬ ಬಂದ. ಅವನ ಕುರಿಗಳು ಚಿಗುರನ್ನೆಲ್ಲ ತಿಂದುಹಾಕಿದವು. ಅಪ್ಪ ಇದ್ದಿದ್ದರೆ ಏನು ಮಾಡುತ್ತಿದ್ದ ಎಂದು ಅಣ್ಣತಮ್ಮಂದಿರು ವಾದಕ್ಕಿಳಿದರು. ಹೊಡೆಯುತ್ತಿದ್ದ ಎಂದ ಅಣ್ಣ. ನೀರು ಕೊಡುತ್ತಿದ್ದ ಎಂದ ತಮ್ಮ. ಆದರೆ ಬೋಳಾದ ಬಳ್ಳಿಗಳನ್ನು ನೋಡುತ್ತ ನೋಡುತ್ತ ತಮ್ಮನಿಗೂ ಸಿಟ್ಟು ನೆತ್ತಿಗೇರಿತು. ಇಬ್ಬರೂ ಸೇರಿ ಕುರುಬನನ್ನು ಹೊಡೆದರು.

ತಂದೆ ಮರಳಿ ಬಂದು ನಡೆದದ್ದನ್ನು ಕೇಳಿದ. ನೀನು ಮಾಡಿದ್ದನ್ನೇ ನಾವೂ ಮಾಡಿದೆವು ಎಂದರು ಮಕ್ಕಳು.

"ನನ್ನ ಎರಡೂ ಕೆಲಸಗಳನ್ನು ನೀವು ಕಂಡಿದ್ದಿರಿ. ಇದನ್ನೇ ಏಕೆ ಆರಿಸಿಕೊಂಡಿರಿ?" ಎಂದ ತಂದೆ.

ರಬ್ಬಿ ಅಲ್ಲಿಗೇ ನಿಲ್ಲಿಸಿದರು. ಶೆಮರ್ಯ ಮುಂದಿನ ಮಾತಿಗೆ ಕಾದ. ಮೊದಲ ಕುರುಬನನ್ನು ತಂದೆಯೇ ಹೊಡೆದದ್ದೇಕೆಂದು ಕತೆ ಹೇಳಲೇ ಇಲ್ಲ. ತನ್ನ ಗೊಂದಲ ಇದ್ದಲ್ಲೇ ಇದೆ, ಅದಕ್ಕೆ ಇನ್ನೊಂದು ಸೇರಿಕೊಂಡಿತು ಎನಿಸಿತು ಅವನಿಗೆ.

"ಹಾಗಾದರೆ ಆ ತಂದೆ ನಿಜವಾಗಿ ಎಂಥವನು ಗುರುಗಳೇ? ಹೊಡೆಯುವವನೋ, ನೀರು ಕೊಡುವವನೋ?"

ರಬ್ಬಿ ಹೇಳಿದರು: "ಆ ಮಕ್ಕಳೂ ಕೊನೆಗೆ ಅದನ್ನೇ ಕೇಳಿದರು, ಆದರೆ ಅಷ್ಟು ಹೊತ್ತಿಗೆ ಅವರು ಹೊಡೆದ ಕುರುಬ ಸತ್ತುಹೋಗಿದ್ದ."