ಬಿಗಿ ಕೋವಿಗೆ ಮುಡಿಸಿದ ಹೂವು

ಕೊಡಗಿನ ಉತ್ತಯ್ಯ ಅಂಗಡಿಯಿಂದ ಗುಂಡು ಹಾಕಿ ಅಗುಳಿಯಂತೆ ತಳ್ಳುವ ಬೋಲ್ಟ್ ಇರುವ ಎರಡು ಕೋವಿ ಆರಿಸಿ ನೋಡಲು ತಂದಿದ್ದ ಕಣ್ರಪ್ಪಾ, ಜರ್ಮನಿಯದೊಂದು, ಸ್ವೀಡನ್ನಿನದೊಂದು. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದಲ್ಲಿ ಒಂದಕ್ಕೆ ಪೂಜೆ ಮಾಡಿ ಇಟ್ಟುಕೊಂಡು, ಇನ್ನೊಂದನ್ನು ಮರುದಿನ ಹಿಂದಕ್ಕೆ ಕೊಡಬೇಕು.

"ನನ್ನ ಬೋಲ್ಟು ಬೆಣ್ಣೆ ಹಾಗೆ ಜಾರುತ್ತೆ. ನಿನ್ನದು ಮುದುಕಿ ಮಂಡಿ!" ಎಂದು ಜರ್ಮನಿಯದು ನಕ್ಕಿತು.

"ಹೌದಕ್ಕಾ, ನಾನು ಬಿಗಿ. ಬೋಲ್ಟು ಕೂರುವಷ್ಟರಲ್ಲಿ ಹಿಡಿದವನು ಗುರಿಯನ್ನು ಇನ್ನೊಮ್ಮೆ ನೋಡುತ್ತಾನೆ," ಎಂದಿತು ಸ್ವೀಡನ್ನಿನದು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಮಂಜಿನಲ್ಲಿ ಗದ್ದೆಯಂಚಿನ ಪೊದೆ ಅಲುಗಾಡಿತು. ಹಂದಿಯೇ ಬಂತೆಂದು ಉತ್ತಯ್ಯ ಸ್ವೀಡನ್ನಿನ ಕೋವಿ ಎತ್ತಿದ. ಬೋಲ್ಟು ಕೂರಲಿಲ್ಲ. ಬೈದುಕೊಂಡು ಮತ್ತೆ ಒತ್ತುವಷ್ಟರಲ್ಲಿ ಪೊದೆ ಕೆಮ್ಮಿತು. ಸೊಪ್ಪಿನ ಬುಟ್ಟಿ ಹಿಡಿದು ಎದ್ದವಳು ಅವನ ಹೆಂಡತಿ ಬೊಳ್ಳಮ್ಮ.

"ಏನ್ರೀ, ನನ್ನ ಕಡೆಗೇ ಕೋವಿ ಹಿಡ್ಕೊಂಡು ನಿಂತಿದೀರಿ?"

ಹಬ್ಬದ ದಿನ ಕೋವಿಗೆ ಮುಡಿಸುವ ತೋಕ್ ಹೂವನ್ನು ಬೊಳ್ಳಮ್ಮನೇ ಕಿತ್ತು ತಂದಳು. ಉತ್ತಯ್ಯ ಅದನ್ನು ಬಿಗಿ ಕೋವಿಯ ನಳಿಗೆಗೆ ಸಿಕ್ಕಿಸಿ, "ನನ್ನ ಮನೆ ಉಳಿಸಿದೆ ತಾಯಿ," ಎಂದು ಹಣೆ ಮುಟ್ಟಿಸಿದ.

"ನನ್ನಲ್ಲೇನು ಕೊರತೆ?" ಎಂದು ಜರ್ಮನಿಯದು ಮುಖ ಸಣ್ಣ ಮಾಡಿತು.

"ನಿನ್ನಲ್ಲಿ ಕೊರತೆ ಏನೂ ಇಲ್ಲಕ್ಕಾ. ಆತುರ ಅವನದು. ಅದಕ್ಕೇ ಅವನಿಗೆ ನಾನು ಸರಿ."