ಅಟ್ಟದ ಮೇಲಿನ ಸೋರೆಬುರುಡೆ

"ಗುರುಗಳೇ, ಒಮ್ಮೆಯೂ ತಪ್ಪದ ಸೂತ್ರವನ್ನು ನಂಬಬಹುದಲ್ಲವೇ?" ಎಂದು ರೇವಣಯ್ಯ ಕೇಳಿದ.

ರೇವಣಯ್ಯ ಮಠದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ. ಹಿಂದಿನ ಮಕ್ಕಳ ಅಂಕ, ಹಾಜರಿ, ಮನೆಯ ದೂರ, ತಾಯಿಯ ಓದು ಎಲ್ಲವನ್ನೂ ಸೇರಿಸಿ ಒಂದು ಸೂತ್ರ ಕಟ್ಟಿದ್ದ. ಪರೀಕ್ಷೆಯಲ್ಲಿ ಯಾವ ಮಗು ಗೆಲ್ಲುತ್ತದೆ, ಯಾವುದು ಸೋಲುತ್ತದೆ ಎಂದು ಅದು ವರ್ಷದ ಆರಂಭದಲ್ಲೇ ಹೇಳಿಬಿಡುತ್ತಿತ್ತು. ಗೆಲ್ಲುವ ಮಕ್ಕಳನ್ನಷ್ಟೇ ಅವನು ಸಂಜೆ ಪಾಠಕ್ಕೆ ಕೂರಿಸಿಕೊಳ್ಳುತ್ತಿದ್ದ. ಮಠದ ಎಲ್ಲ ಶಾಲೆಗಳಲ್ಲೂ ಇದನ್ನೇ ಜಾರಿಗೆ ತರಲು ಈಗ ಗುರುಗಳ ಒಪ್ಪಿಗೆ ಬೇಕಿತ್ತು.

"ಒಮ್ಮೆಯೂ ತಪ್ಪಿಲ್ಲವೇ?" ಗುರುಗಳು ಹುಬ್ಬೇರಿಸಿದರು. "ಅಪ್ಪಾ, ಪಂಚಾಂಗ ಹೇಳಿದ ಮಳೆಯೇ ತಪ್ಪುತ್ತದೆ. ನಿನ್ನದು ಮಾತ್ರ ತಪ್ಪುವುದಿಲ್ಲ ಎಂದರೆ ನನಗೇಕೋ ಅನುಮಾನ. ಸಂಜೆ ಪಾಠಕ್ಕೆ ಜಾಗ ಸಾಲದೇನು?"

"ಜಾಗವಿದೆ ಗುರುಗಳೇ. ಆದರೆ ಸೋಲುವ ಮಕ್ಕಳಿಗಾಗಿ ಸುಮ್ಮನೆ ಹೊತ್ತು ಕಳೆಯುವುದೇಕೆ?"

"ಹಾಗೋ! ಸರಿ, ಕೂರು. ಒಂದು ಕತೆ ಹೇಳುತ್ತೇನೆ," ಎಂದು ಗುರುಗಳು ಆರಂಭಿಸಿದರು.

ಹೊಳೆಯ ದಡದಲ್ಲಿ ಒಂದು ಊರು. ಸೇತುವೆ ಇರಲಿಲ್ಲ. ಸಂತೆಗೆ, ಮದುವೆಗೆ, ವೈದ್ಯರ ಮನೆಗೆ, ಎಲ್ಲಿಗೆ ಹೋಗಬೇಕಾದರೂ ಹರಿಗೋಲಿನಲ್ಲಿ ದಾಟಬೇಕು. ಹಾಗಾಗಿ ಅಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಈಜು ಕಲಿಸುತ್ತಿದ್ದರು. ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿ ನೀರಿಗೆ ಬಿಡುವುದು ರೂಢಿ. ಬುರುಡೆ ಮಗುವನ್ನು ತೇಲಿಸುತ್ತದೆ, ಮಗು ಕೈಕಾಲು ಬಡಿದು ಕಲಿಯುತ್ತದೆ. ಹೆಚ್ಚಿನವರು ಕಲಿಯುತ್ತಿದ್ದರು. ಕೆಲವರು ಕಲಿಯದೆಯೂ ಉಳಿಯುತ್ತಿದ್ದರು.

ಒಂದು ವರ್ಷ ಸೋರೆ ಬಳ್ಳಿಗೆ ರೋಗ ಬಂತು. ಬುರುಡೆ ಕಡಿಮೆ, ಮಕ್ಕಳು ಹೆಚ್ಚು. ತಾಯಂದಿರು ಹೊಳೆದಂಡೆಯಲ್ಲೇ ಜಗಳಕ್ಕೆ ನಿಂತರು. ಊರ ಗೌಡ ತಲೆಕೆಟ್ಟು ಅಲ್ಲಿನ ಗಣಿತಜ್ಞನನ್ನು ಕರೆಸಿದ. 'ಯಾರಿಗೆ ಕಟ್ಟಿದರೆ ಬುರುಡೆ ದಂಡವಾಗುವುದಿಲ್ಲ, ನೀವೇ ಹೇಳಿ ಸ್ವಾಮಿ' ಎಂದ.

ಗಣಿತಜ್ಞ ಒಳ್ಳೆಯವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದೆ ಕಲಿತವರ, ಕಲಿಯದವರ ತೋಳು ಅಳೆದ, ಉಸಿರು ಕಟ್ಟಿಸಿ ನೋಡಿದ, ಉದ್ದ ತೋಳಿನವರು ಕಲಿಯುತ್ತಾರೆ, ಗಿಡ್ಡ ತೋಳಿನವರು ಕಲಿಯುವುದಿಲ್ಲ ಎಂದು ಒಂದು ನಿಯಮ ಕಟ್ಟಿದ. ಗಿಡ್ಡ ತೋಳಿನವರೂ ಅಲ್ಲೊಬ್ಬ ಇಲ್ಲೊಬ್ಬ ಈಜು ಕಲಿತಿದ್ದರು. ಅಂಥವರು ಸಿಕ್ಕಾಗ ನಿಯಮ ತಪ್ಪುತ್ತಿತ್ತು. ಆದರೆ ಬುರುಡೆ ಹಂಚುವುದನ್ನೇ ಆ ನಿಯಮದ ಕೈಗೆ ಕೊಟ್ಟರು ನೋಡು, ತಪ್ಪುವುದೇ ನಿಂತುಹೋಯಿತು! ಕಲಿಯುತ್ತಾರೆ ಎಂದವರೆಲ್ಲ ಕಲಿತರು. ಕಲಿಯುವುದಿಲ್ಲ ಎಂದವರು ಒಬ್ಬರೂ ಕಲಿಯಲಿಲ್ಲ. ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟಿತು.

ಮುಂದೆ ಬಳ್ಳಿ ಚೇತರಿಸಿಕೊಂಡಿತು. ಮನೆಮನೆಯ ಅಟ್ಟದಲ್ಲೂ ಬುರುಡೆ ತುಂಬಿದವು. ಆದರೂ ಕಲಿಯುವುದಿಲ್ಲವೆಂದು ನಿಯಮ ಹೇಳಿದ ಮಕ್ಕಳಿಗೆ ಯಾರೂ ಕಟ್ಟಲಿಲ್ಲ. ಹೇಗಿದ್ದರೂ ಕಲಿಯುವವರಲ್ಲವಲ್ಲ!

ಗಣಿತಜ್ಞನಿಗೆ ಒಬ್ಬಳೇ ಮಗಳು, ನೀಲಿ. ಅವಳ ಸರದಿ ಬಂತು. ಅಪ್ಪನೇ ತೋಳು ಅಳೆದ. ಮನಸ್ಸು ತಡೆಯದೆ ಮತ್ತೊಮ್ಮೆ ಅಳೆದ. ಗಿಡ್ಡವೇ.

ಅವನ ಹೆಂಡತಿಗೆ ಮೊದಲಿನಿಂದಲೂ ಆ ನಿಯಮದ ಮೇಲೆ ಗುಮಾನಿ. 'ಅಟ್ಟದ ಮೇಲೆ ಬುರುಡೆ ಸುಮ್ಮನೆ ಬಿದ್ದಿದೆ. ಮಗಳಿಗೆ ಕಟ್ಟಿ ನೋಡಿದರೆ ನಿಮ್ಮ ಗಂಟೇನು ಹೋಗುತ್ತದೆ?' ಎಂದಳು.

'ಊರ ಮಕ್ಕಳಿಗೆ ಒಂದು ನಿಯಮ, ನನ್ನ ಮಗಳಿಗೆ ಇನ್ನೊಂದೇ? ಆಮೇಲೆ ಯಾವ ಮುಖ ಹೊತ್ತು ತಿರುಗಲಿ?' ಎಂದ ಅವನು. 'ಇವಳು ಕಲಿಯುವುದಿಲ್ಲ ಕಣೇ. ಆ ಲೆಕ್ಕ ಒಂದು ಸಲವಾದರೂ ತಪ್ಪಿದೆಯೇ? ನೀರಿನ ಹತ್ತಿರ ಬಿಡಬೇಡ, ಸಾಕು.'

ನೀರಿನ ಹತ್ತಿರ ಬಿಡದಿರಲು ಆ ಊರಿನಲ್ಲಿ ಆಗುತ್ತದೆಯೇ? ನೀಲಿ ಸೋದರಮಾವನ ಜೊತೆ ಅಜ್ಜಿಯ ಮನೆಗೆ ಹೊರಟಿದ್ದಳು. ನಡುಹೊಳೆಯಲ್ಲಿ ಹರಿಗೋಲು ಮಗುಚಿತು. ಅದರಲ್ಲಿದ್ದ ಉಳಿದ ಮಕ್ಕಳು ಈಜಿ ದಡ ಸೇರಿದರು. ಮಾವ ಮುಳುಗಿ ಮುಳುಗಿ ಹುಡುಕಿದ. ನೀಲಿ ಸಿಕ್ಕಿದಾಗ ಉಸಿರಿರಲಿಲ್ಲ.

ಗೌಡ ಸಮಾಧಾನ ಹೇಳಲು ಬಂದ. 'ಕೊರಗಬೇಡಿ ಸ್ವಾಮಿ, ನಿಮ್ಮದೇನೂ ತಪ್ಪಿಲ್ಲ. ಇವಳು ಈಜುವುದಿಲ್ಲವೆಂದು ನೀವು ಮೊದಲೇ ಹೇಳಿದ್ದಿರಿ. ನಿಮ್ಮ ಲೆಕ್ಕ ಈ ಸಲವೂ ಸರಿಯಾಯಿತು' ಎಂದ.

ಅಯ್ಯೋ, ಅಂಥ ಸಮಾಧಾನ ಶತ್ರುವಿಗೂ ಬೇಡ. ಗಣಿತಜ್ಞ ಅಟ್ಟದಿಂದ ಬುರುಡೆ ಇಳಿಸಿ ಮಡಿಲಲ್ಲಿಟ್ಟುಕೊಂಡು ಕೂತ. 'ಇದನ್ನು ಕಟ್ಟಿದ್ದರೆ ಕಲಿಯುತ್ತಿದ್ದಳೇ?' ಎಂದು ಬಂದವರನ್ನೆಲ್ಲ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಅವನ ಲೆಕ್ಕಕ್ಕೂ ಗೊತ್ತಿರಲಿಲ್ಲ. ನಿಯಮ ಬಂದ ಮೇಲೆ, ಕಲಿಯುವುದಿಲ್ಲವೆಂದು ಅದು ಹೇಳಿದ ಮಗುವಿಗೆ ಆ ಊರಿನಲ್ಲಿ ಯಾರೂ ಕಟ್ಟಿ ನೋಡಿಯೇ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಪಾಪ, ಅವನೇನು ಮೋಸಗಾರನಲ್ಲ ಗುರುಗಳೇ," ಎಂದ ರೇವಣಯ್ಯ.

"ಮೋಸಗಾರನಾಗಿದ್ದರೆ ಕದ್ದುಮುಚ್ಚಿಯಾದರೂ ಮಗಳಿಗೊಂದು ಬುರುಡೆ ಕಟ್ಟುತ್ತಿದ್ದ," ಎಂದರು ಗುರುಗಳು.

ರೇವಣಯ್ಯ ಏಳಲು ಹೋದ. ಗುರುಗಳು ಅವನ ಕೈ ಹಿಡಿದು ಕೂರಿಸಿದರು.

"ಇರು, ನನ್ನದೂ ಒಂದು ಪ್ರಶ್ನೆಯಿದೆ: ಸೋಲುತ್ತದೆ ಎಂದು ನಿನ್ನ ಸೂತ್ರ ಹೇಳಿದ ಮಕ್ಕಳಲ್ಲಿ ಒಂದನ್ನಾದರೂ ಸಂಜೆ ಪಾಠಕ್ಕೆ ಕೂರಿಸಿ ನೋಡಿದ್ದೀಯಾ?"