ಕೆಸರಿನೊಳಗಿನ ಕೂಲಿದೋಣಿ

ಮುಳುಗಿಹೋದ ಅರಸನ ದೋಣಿಯನ್ನು ಹುಡುಕುತ್ತಾ ಆಳವಿಲ್ಲದ ಕೆರೆಗೆ ಇಳಿದ ಸೋನಾರ್ ಯಂತ್ರಕ್ಕೆ ಕೆಸರಿನಲ್ಲಿ ಹೂತ ಹಳೆಯ ದೋಣಿಯೊಂದು ಸಿಕ್ಕಿತು.

"ಯಾರು ನೀನು?" ಎಂದು ಯಂತ್ರ ಕೇಳಿತು.

"ಕೂಲಿಯವರನ್ನು ದಾಟಿಸುತ್ತಿದ್ದ ದೋಣಿ, ಸ್ವಾಮಿ. ದಾರಿ ಬಿಡಲಿಲ್ಲವೆಂದು ಅರಸರ ದೋಣಿ ಗುದ್ದಿ ಮುಳುಗಿಸಿತು. ನಾಟಿಗೆ ಹೊರಟಿದ್ದ ಹೆಂಗಸರು ಇನ್ನೂ ನನ್ನೊಳಗೇ ಇದ್ದಾರೆ. ಅವರ ಮನೆಯವರು ಜಾಗ ತಿಳಿಯದೆ ಪ್ರತಿ ವರ್ಷ ಆಚೆ ದಡದಲ್ಲಿ ಎಡೆ ಇಡುತ್ತಾರೆ. ಇವರು ಇಲ್ಲಿದ್ದಾರೆಂದು ಒಂದು ಮಾತು ಹೇಳಿ."

"ಗುದ್ದಿದ ಮೇಲೆ ಅರಸರ ದೋಣಿ ಯಾವ ಕಡೆ ಹೋಯಿತು?"

"ತಳ ಒಡೆದುಕೊಂಡು ಏರಿಯ ಕಡೆ ಹೋಯಿತು, ಸ್ವಾಮಿ."

"ಇಲ್ಲಿ ಚರಿತ್ರೆ ಏನೂ ಇಲ್ಲ, ಬರೀ ಕಟ್ಟಿಗೆ" ಎಂದು ಯಂತ್ರ ಮೇಲಿನವರಿಗೆ ತಿಳಿಸಿ, ಏರಿಯ ಕಡೆ ತಿರುಗಿತು.

ಆ ವರ್ಷದ ಮಹಾಲಯ ಅಮಾವಾಸ್ಯೆಗೂ ಎಡೆ ಆಚೆ ದಡಕ್ಕೇ ಹೋಯಿತು. ಹೆಂಗಸರು ಕೆಸರಿನಲ್ಲಿ ಹಸಿದೇ ಉಳಿದರು.